ವೆಂಟಿಲೇಟರ್ ತೆಗೆದರೆ ವಿಶ್ವಾಸ ಬಿಟ್ಟಂತಾ?

ಇವತ್ತಿನ ವಿಷಯ ಸ್ವಲ್ಪ ಕಷ್ಟದ್ದು.

ತಿ. ನರಸೀಪುರದ ಒಬ್ಬ ತಮ್ಮ ರಾತ್ರಿ ಫೋನ್ ಮಾಡಿದ. ಅವನ ತಂದೆಗೆ ಸ್ಟ್ರೋಕ್ ಆಗಿ ಮೈಸೂರಿನ ಐಸಿಯುನಲ್ಲಿ 19 ದಿನದಿಂದ ವೆಂಟಿಲೇಟರ್ ಮೇಲಿದ್ದಾರೆ. ಇನ್ನು ಚೇತರಿಕೆ ಸಾಧ್ಯವಿಲ್ಲ ಅಂದಿದ್ದಾರೆ ಡಾಕ್ಟರು. "ಪಾಸ್ಟರ್, ಮಿಷನ್ ತೆಗೀರಿ ಅಂತ ಸೈನ್ ಹಾಕಿದ್ರೆ ಅಪ್ಪನ್ನ ನಾನೇ ಕೊಂದ ಹಾಗಲ್ವಾ?" ಅಂದ. ನಂಜನಗೂಡಿನಿಂದ ಬಸ್ ಹತ್ತಿದೆ, ಆದರೆ ಉತ್ತರ ನನ್ನ ಹತ್ರ ಇರಲಿಲ್ಲ. ಬೈಬಲ್ ಕಾಲೇಜಿನಲ್ಲಿ ಇದರ ಪಾಠ ಆಗಿರಲಿಲ್ಲ.

ಈ ಪ್ರಶ್ನೆಯನ್ನು ಇಡೀ ದೇಶ ಕೇಳಿಕೊಂಡದ್ದು ನಮ್ಮ ರಾಜ್ಯದ ಒಬ್ಬ ಮಗಳಿಂದಾಗಿ. ಹೊನ್ನಾವರ ತಾಲ್ಲೂಕಿನ ಹಳದೀಪುರದ ಅರುಣಾ ಶಾನಭಾಗ್ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರಿನಲ್ಲಿ ಅಲ್ಲಿನ ಒಬ್ಬ ನೌಕರ ನಾಯಿಯ ಸರಪಳಿಯಿಂದ ಕತ್ತು ಬಿಗಿದು ಅವರ ಮೇಲೆ ದೌರ್ಜನ್ಯ ಮಾಡಿದ. ಮೆದುಳಿಗೆ ಹಾನಿಯಾಗಿ ಅವರು ಸುಮಾರು 42 ವರ್ಷ ಹಾಸಿಗೆಯಲ್ಲೇ ಉಳಿದರು. ಆಹಾರ ಕೊಡುವುದನ್ನು ನಿಲ್ಲಿಸಲಿ ಅಂತ ಲೇಖಕಿ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದರು. ನರ್ಸುಗಳು ಒಪ್ಪಲಿಲ್ಲ. 2011ರ ಮಾರ್ಚ್ 7ರಂದು ಕೋರ್ಟ್ ಆ ಅರ್ಜಿಯನ್ನು ತಳ್ಳಿಹಾಕಿತು. ಅದೇ ತೀರ್ಪಿನಲ್ಲಿ, ಬೇರೆ ಪ್ರಕರಣಗಳಲ್ಲಿ ಕಟ್ಟುನಿಟ್ಟಿನ ಕ್ರಮದಿಂದ ಜೀವರಕ್ಷಕ ಚಿಕಿತ್ಸೆ ನಿಲ್ಲಿಸಬಹುದು ಅಂತಲೂ ಹೇಳಿತು. ಅರುಣಾ ತೀರಿಕೊಂಡದ್ದು 2015ರ ಮೇ 18ರಂದು, ನ್ಯುಮೋನಿಯಾದಿಂದ.

ಆ ನರ್ಸುಗಳನ್ನು ನೆನೆದರೆ ನನಗೆ ನಾಚಿಕೆ ಆಗುತ್ತೆ. ಪಾಳಿ ಬದಲಾಯಿತು, ತಲೆಮಾರೇ ಬದಲಾಯಿತು, ಆರೈಕೆ ಮಾತ್ರ ನಿಲ್ಲಲಿಲ್ಲ. ನಾವು ಆಸ್ಪತ್ರೆಗೆ ಹೋಗಿ ಹತ್ತು ನಿಮಿಷ ಜೋರಾಗಿ ಪ್ರಾರ್ಥಿಸಿ ಬಂದುಬಿಡ್ತೀವಿ! ಆದರೆ ಇದನ್ನೂ ಗಮನಿಸಿ: ಅರುಣಾ ಅಷ್ಟು ವರ್ಷವೂ ತಾವೇ ಉಸಿರಾಡುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಊಟ, ಸ್ನಾನ, ಮಗ್ಗಲು ಬದಲಿಸುವ ಕೈಗಳು. ಈ ತಮ್ಮನ ತಂದೆಯ ಸ್ಥಿತಿ ಬೇರೆ. ದೇಹ ಸಾವಿನ ಕಡೆ ಹೊರಟಾಗಿದೆ, ಮಿಷನ್ ಅದನ್ನು ಬಾಗಿಲಲ್ಲಿ ತಡೆದು ನಿಲ್ಲಿಸಿದೆ. ಹಸಿದವರಿಗೆ ಅನ್ನ ಕೊಡದಿರುವುದೂ ಹೊರಟವರನ್ನು ಬಿಟ್ಟುಕೊಡುವುದೂ ನನ್ನ ಲೆಕ್ಕದಲ್ಲಿ ಒಂದೇ ಅಲ್ಲ.

ಮೊದಲು ನಾನು ಹೀಗೆ ಹೇಳುತ್ತಿರಲಿಲ್ಲ. ಕೆಲವು ವರ್ಷದ ಹಿಂದೆ ಇಂಥದ್ದೇ ಒಂದು ಮನೆಯಲ್ಲಿ "ಮಿಷನ್ ತೆಗೆದರೆ ಅವಿಶ್ವಾಸ, ದೇವರು ಎಬ್ಬಿಸ್ತಾರೆ" ಅಂತ ಗಟ್ಟಿಯಾಗಿ ಹೇಳಿಬಿಟ್ಟೆ. ಅವರು ಇನ್ನೊಂದು ತಿಂಗಳು ಕಾದರು. ಗದ್ದೆ ಮಾರಿದರು. ತಾಯಿ ಉಳಿಯಲಿಲ್ಲ. ಆ ಮನೆಯವರು ಈಗಲೂ ನನ್ನನ್ನು ಮರ್ಯಾದೆಯಿಂದಲೇ ಮಾತಾಡಿಸ್ತಾರೆ, ಅದೇ ನನಗೆ ಹೆಚ್ಚು ಚುಚ್ಚುತ್ತೆ.

ದೇವರು ಅದ್ಭುತ ಮಾಡ್ತಾರೆ, ಅದರಲ್ಲಿ ನನಗೆ ಸಂಶಯ ಇಲ್ಲ. ಲಾಜರ ಸಮಾಧಿಯಲ್ಲಿ ನಾಲ್ಕು ದಿನ ಇದ್ದ, ಅಲ್ಲಿ ಯಾವ ವೆಂಟಿಲೇಟರ್ ಇತ್ತು? ಕರೆಂಟ್ ಇರುವವರೆಗೆ ಮಾತ್ರ ಕೆಲಸ ಮಾಡೋ ದೇವರಲ್ಲ ನಮ್ಮವರು. 2 ಸಮುವೇಲ 12 ಓದಿ. ಮಗು ಬದುಕಿರುವಷ್ಟು ದಿನ ದಾವೀದ ನೆಲದ ಮೇಲೆ ಬಿದ್ದು ಉಪವಾಸ ಮಾಡಿದ. ತೀರಿಕೊಂಡಿತು ಅಂತ ತಿಳಿದಾಗ ಎದ್ದು ಸ್ನಾನ ಮಾಡಿ ದೇವಾಲಯಕ್ಕೆ ಹೋದ. ಸೇವಕರಿಗೆ ಅರ್ಥವಾಗಲಿಲ್ಲ. ಬೇಡಿಕೊಂಡದ್ದೂ ಬಿಟ್ಟುಕೊಟ್ಟದ್ದೂ ಒಂದೇ ವಿಶ್ವಾಸದಿಂದ.

ಐಸಿಯು ಹೊರಗೆ ಆ ತಮ್ಮನಿಗೆ ನಾನು ಮೊದಲು ಹೇಳಿದ್ದು ಕಾನೂನನ್ನೇ. ಸುಪ್ರೀಂ ಕೋರ್ಟ್ 2018ರಲ್ಲಿ ನಿಯಮ ಮಾಡಿ 2023ರಲ್ಲಿ ಸರಳಗೊಳಿಸಿತು. ಅದರ ಜಾರಿಗೆ ನಮ್ಮ ರಾಜ್ಯ ಸರ್ಕಾರ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ಮೂವರು ವೈದ್ಯರ ಒಂದು ಮಂಡಳಿ ನೋಡಬೇಕು, ಮನೆಯವರು ಒಪ್ಪಬೇಕು, ಮೂವರ ಎರಡನೇ ಮಂಡಳಿಯೂ ಒಪ್ಪಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. "ನೀನೊಬ್ಬನೇ ತೀರ್ಮಾನ ಮಾಡ್ತಾ ಇಲ್ಲ ಕಣಪ್ಪಾ" ಅಂದೆ. ಅವನು ಅಳೋಕೆ ಶುರುಮಾಡಿದ.

ಆಮೇಲೆ ಕೇಳಿದೆ, "ಅಪ್ಪ ಈ ಬಗ್ಗೆ ಏನಾದ್ರೂ ಹೇಳಿದ್ರಾ?" ಹೇಳಿರಲಿಲ್ಲ. ನಮ್ಮ ಮನೆಗಳಲ್ಲಿ ಸಾವಿನ ಮಾತೆತ್ತಿದರೆ ಬಿಡ್ತು ಅನ್ನು ಅಂತಾರೆ, ವಿಶ್ವಾಸಿಗಳು ಕೂಡ! ಇಬ್ಬರು ಸಾಕ್ಷಿಗಳ ಮುಂದೆ ನಮ್ಮ ಇಷ್ಟ ಬರೆದಿಟ್ಟು ನೋಟರಿ ಮಾಡಿಸಬಹುದು. ನಾನು ಬರೆದಿದ್ದೇನೆ, ನನ್ನ ಹೆಂಡತಿಗೆ ಗೊತ್ತಿದೆ.

ಎರಡು ಮಂಡಳಿಯೂ ಒಪ್ಪಿದ ಮೇಲೆ ಒಂದು ಸಂಜೆ ತೆಗೆದರು. ಸುಮಾರು ಮೂರು ಗಂಟೆ ಉಸಿರಾಡಿದರು. ಮಗ ಕೈ ಹಿಡಿದುಕೊಂಡಿದ್ದ, ತಾಯಿ ಒದ್ದೆ ಬಟ್ಟೆಯಿಂದ ತುಟಿ ಒರೆಸ್ತಾ ಇದ್ದರು. ನಾವು ಮೆಲ್ಲಗೆ ಹಾಡ್ತಾ ಇದ್ದೆವು. ಮುಂದಿನ ಭಾನುವಾರ ಸಭೆಯಲ್ಲಿ ಒಬ್ಬರು ಅವನ ಹತ್ರ ಹೋಗಿ, ಇನ್ನೂ ಸ್ವಲ್ಪ ದಿನ ಕಾಯಬಹುದಿತ್ತಲ್ಲಾ ಅಂದರಂತೆ. ದಯವಿಟ್ಟು ಆ ಮಾತು ಬೇಡ. ಈ ವಾರ ಆ ತಾಯಿಗೆ ಯಾರು ಊಟ ತಗೊಂಡು ಹೋಗ್ತೀರಿ? ಆರಾಧನೆ ಮುಗಿದ ಮೇಲೆ ನನಗೆ ಹೆಸರು ಕೊಡಿ.