ಅಂಬಾರಿಯ ಆಸನ

ಮೈಸೂರಿನ ಬೀದಿಗಳಲ್ಲಿ ಪ್ರವಾಸೋದ್ಯಮ ನಿಗಮದವರು ಓಡಿಸುವ, ಮೇಲಂತಸ್ತಿಗೆ ಛಾವಣಿಯಿಲ್ಲದ ಬಸ್ಸಿಗೆ ‘ಅಂಬಾರಿ’ ಎಂದು ಹೆಸರಿಟ್ಟವರು, ಅರಿತೋ ಅರಿಯದೆಯೋ, ಧರ್ಮಜಿಜ್ಞಾಸೆಯೊಂದನ್ನು ನಮ್ಮ ಮುಂದಿರಿಸಿದ್ದಾರೆ. ವಿಜಯದಶಮಿಯಂದು ಸುಮಾರು 750 ಕಿಲೋ ತೂಗುವ ಚಿನ್ನದ ಅಂಬಾರಿಯಲ್ಲಿ ಹಿಂದೆ ಮಹಾರಾಜರು ಕುಳಿತುದೂ ಈಗ ಚಾಮುಂಡೇಶ್ವರಿಯು ಕುಳಿತುಕೊಳ್ಳುವುದೂ ಊರನ್ನು ನೋಡಲೆಂದಲ್ಲ, ಊರವರಿಗೆ ಕಾಣಿಸಿಕೊಳ್ಳಲೆಂದು. ಬಸ್ಸಿನ ಅಂಬಾರಿಯಲ್ಲಾದರೋ ಟಿಕೆಟು ಕೊಂಡು ಕುಳಿತವನೇ ನೋಡುವವನು, ಕಾಣಿಸಿಕೊಳ್ಳುವ ಹೊಣೆ ಅರಮನೆಯ ಗೋಪುರಗಳದು. ಲಂಡನ್ನು, ರೋಮುಗಳಂಥ ಪುರಾತನ ನಗರಗಳಲ್ಲಿ ಬೇಕಾದಲ್ಲಿಳಿದು ಬೇಕಾದಾಗ ಮುಂದಿನ ಬಸ್ಸನ್ನೇರುವ ಪದ್ಧತಿಯುಂಟಷ್ಟೆ. ಅಲ್ಲಿ ಕಾಲವೂ ಪ್ರವಾಸಿಯ ಅಧೀನ. ಬೆಂಗಳೂರಿನ ಸಾರಿಗೆ ಸಂಸ್ಥೆಯು ಊರು ತೋರಿಸುವ ತನ್ನ ಬಸ್ಸನ್ನು ‘ದರ್ಶಿನಿ’ ಎಂದು ಕರೆಯಿತು. ನೋಟವೂ ದರ್ಶನವೂ ಒಂದೆಯೆ?

ರೂಪವನ್ನು ಕಣ್ಣು, ಕಣ್ಣನ್ನು ಮನಸ್ಸು, ಮನಸ್ಸನ್ನು ಸಾಕ್ಷಿಯು ನೋಡುವುದೆಂದೂ, ಆ ಸಾಕ್ಷಿಯು ತಾನು ಎಂದಿಗೂ ದೃಶ್ಯವಾಗದೆಂದೂ ವೇದಾಂತಿಗಳು ಹೇಳುವರು. ಹಾಗಿದ್ದಲ್ಲಿ ಮೇಲಂತಸ್ತಿನ ಪ್ರವಾಸಿಯೇ ಪರಮ ವೇದಾಂತಿಯಲ್ಲವೆ ಎಂದು ಕುಚೋದ್ಯಗಾರನೊಬ್ಬನು ಕೇಳಿಯಾನು. ಸಾಕ್ಷಿಗೆ ಮುಂದಿನ ನಿಲ್ದಾಣದ ಆತುರವಿಲ್ಲವೆಂಬುದೇ ಅವನಿಗೆ ಉತ್ತರ.

ಕೊಡಗಿನ ಕಕ್ಕಬೆಗೆ ಅಂಥ ಬಸ್ಸು ಬಂದಿಲ್ಲವಾದರೂ ಅದರ ರೀತಿ ಬಂದಿದೆ: ತಡಿಯಂಡಮೋಳ್ ಬೆಟ್ಟವನ್ನೇರಲು ಬಂದವರ ಜೀಪು ನಾಲ್ಕುನಾಡು ಅರಮನೆಯೆದುರು ಗಳಿಗೆ ಹೊತ್ತು ನಿಂತು, ಪಾಡಿ ಇಗ್ಗುತ್ತಪ್ಪನ ಗುಡಿಯಲ್ಲಿ ಮತ್ತೊಂದು ಗಳಿಗೆ ನಿಂತು ಹೊರಟುಹೋಗುತ್ತದೆ. 1792ರಿಂದ 1794ರ ಅವಧಿಯಲ್ಲಿ ಕೊಡಗಿನ ಅರಸನಾದ ದೊಡ್ಡವೀರರಾಜೇಂದ್ರನು ಕಾಡಿನ ಮರೆಯಲ್ಲಿ ಕಟ್ಟಿಸಿದ ಆ ಅರಮನೆಯು, 1834ರಲ್ಲಿ ಇಂಗ್ಲಿಷರ ದಂಡು ಏರಿಬಂದಾಗ ಕೊನೆಯ ಅರಸನಾದ ಚಿಕ್ಕವೀರರಾಜನಿಗೆ ಆಶ್ರಯವಿತ್ತುದು. ಪರರ ಕಣ್ಣಿಗೆ ಬೀಳದಿರುವುದೇ ಅದರ ಗುಣವಾಗಿತ್ತು. ಅಡಗಿಕೊಳ್ಳಲು ನೆರವಾದ ಮನೆಯು ಇಂದು ‘ನೋಡತಕ್ಕ ಸ್ಥಳ’ವಾಗಿರುವುದಕ್ಕೆ ಯಾರೂ ನೊಂದುಕೊಳ್ಳಬೇಕಾದುದಿಲ್ಲ, ಅರಮನೆಯನ್ನು ನೋಡಲು ಕಣ್ಣಿದ್ದರೆ ಸಾಕು.

ಇಗ್ಗುತ್ತಪ್ಪನ ಮಾತು ಬೇರೆ. ಮಳೆಬೆಳೆಗಳ ಒಡೆಯನಾದ ಆತನ ಸನ್ನಿಧಿಯಲ್ಲಿಯೇ ಸುಗ್ಗಿಯ ಹಬ್ಬವಾದ ಪುತ್ತರಿಯ ದಿನವೂ ಕದಿರು ತೆಗೆಯುವ ಮುಹೂರ್ತವೂ ನಿಶ್ಚಯವಾಗುವುವು; ಗದ್ದೆಯ ಒಡೆಯನಾದವನೂ ತನ್ನ ಪೈರಿಗೆ ಕುಡುಗೋಲು ಹಾಕಲು ಆ ಗಳಿಗೆಯನ್ನು ಕಾಯುವನು. ಹೀಗೆ ಕಾಯುವವನು ನೋಡಲು ಬಂದವನಲ್ಲ, ತನ್ನನ್ನು ನೋಡಬೇಕೆಂದು ಕೇಳಿಕೊಳ್ಳಲು ಬಂದವನು. ಬಯಸಿದ್ದು ಕೈಗೂಡಿದಾಗ ‘ದೇವರು ಕಣ್ಣುಬಿಟ್ಟ’ ಎನ್ನುವ ನಮ್ಮ ಆಡುಮಾತು ದರ್ಶನದ ಮುಖ್ಯ ಭಾಗವನ್ನು ದೇವರಿಗೇ ಬಿಟ್ಟುಕೊಟ್ಟಿದೆ. ನಮ್ಮ ಕಣ್ಣನ್ನು ಹೊತ್ತೊಯ್ಯುವ ವಾಹನಗಳು ಎಷ್ಟಾದರೂ ಇರಲಿ, ಆತನ ಕಣ್ಣಿಗೆ ವೇಳಾಪಟ್ಟಿಯಿಲ್ಲ. ಬಸ್ಸನ್ನು ನಾನು ಹಳಿಯುತ್ತಿಲ್ಲ. ಎಷ್ಟು ಕ್ಷೇತ್ರಗಳಾದುವೆಂದು ಬೆರಳೆಣಿಸುತ್ತ ಗುಡಿಯಿಂದ ಗುಡಿಗೆ ಓಡುವ ಯಾತ್ರಿಕರನ್ನೂ ಕಂಡಿದ್ದೇನೆ, ಅವರು ಪ್ರವಾಸಿಗಳಿಗಿಂತ ಯಾವ ವಿಧದಲ್ಲಿಯೂ ಮೇಲಲ್ಲ.

ಪಾಡಿಗೆ ಬರುವವರು ಜೀಪನ್ನು ಹಿಂದಕ್ಕೆ ಕಳುಹಿಸಿಬಿಡಿ. ಮಧ್ಯಾಹ್ನದ ಪೂಜೆಯಾದ ಮೇಲೆ ಅಲ್ಲಿ ಊಟವುಂಟು.