ಸುದ್ದಿ ತಂದವರ ನೋವು



ಯೋಬನ ಕಷ್ಟಗಳನ್ನು ಕುರಿತು ನಾವು ಎಷ್ಟೋ ಪ್ರಬೋಧನೆ ಕೇಳಿದ್ದೇವೆ. ಅವನಿಗೆ ಸುದ್ದಿ ತಂದ ನಾಲ್ವರನ್ನು ಕುರಿತು? ಎತ್ತುಗಳು ಲೂಟಿಯಾದವೆಂದು ಒಬ್ಬ, ಕುರಿಗಳು ಸುಟ್ಟುಹೋದವೆಂದು ಇನ್ನೊಬ್ಬ, ಒಂಟೆಗಳನ್ನು ಹೊಡೆದುಕೊಂಡು ಹೋದರೆಂದು ಮತ್ತೊಬ್ಬ. ಮನೆ ಕುಸಿದು ಮಕ್ಕಳೆಲ್ಲ ಸತ್ತರೆಂದು ಕೊನೆಯವನು. ಒಬ್ಬೊಬ್ಬನೂ ಅಲ್ಲಿ ತಾನೊಬ್ಬನೇ ಉಳಿದು ಓಡಿಬಂದವನು. ಹೇಳಿ ಮುಗಿಸಿದ ಮೇಲೆ ಅವರು ಎಲ್ಲಿಗೆ ಹೋದರು, ಆ ರಾತ್ರಿ ನಿದ್ದೆ ಬಂತೇ, ಗ್ರಂಥದಲ್ಲಿಲ್ಲ. ನಾವೂ ಕೇಳಿಲ್ಲ.

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್ಮಲ ಊರುಗಳ ಮೇಲೆ ಗುಡ್ಡ ಕುಸಿದಾಗ ನಾವು ಟಿ.ವಿ. ನೋಡಿದೆವು, ಅತ್ತೆವು, ಜಪಸರ ಹಿಡಿದೆವು. ತಡೆಯಲಾಗದಾಗ ಟಿ.ವಿ. ಆರಿಸಿದೆವು. ಕೆಸರಿನಲ್ಲಿ ಮೈಕ್ ಹಿಡಿದು ನಿಂತವರಿಗೆ ಆ ಅನುಕೂಲ ಇರಲಿಲ್ಲ. ಚಾಲಿಯಾರ್ ಹೊಳೆಯಲ್ಲಿ ಸಿಕ್ಕ ದೇಹದ ತುಂಡುಗಳು, ಪುತ್ತುಮಲದಲ್ಲಿ ಹೆಸರಿನ ಬದಲು ಸಂಖ್ಯೆ ಹೊತ್ತ ಗೋರಿಗಳು. ಇವನ್ನು ಕಂಡು ಬರೆದು, ಮರುದಿನ ಮತ್ತೆ ಹೋದರು.

ಇಂಥ ಕೆಲಸ ಮಾಡಿದವರಲ್ಲಿ ಕೆಲವರಿಗೆ ತಿಂಗಳುಗಳಾದ ಮೇಲೂ ಆ ದೃಶ್ಯ ಕಣ್ಣಮುಂದೆ ಬರುತ್ತದೆ. ಸಣ್ಣ ಸದ್ದಿಗೂ ಬೆಚ್ಚುತ್ತಾರೆ, ಸಿಡುಕುತ್ತಾರೆ. ಮಗುವನ್ನು ಎತ್ತಿಕೊಂಡರೂ ಒಳಗೆ ಏನೂ ಅನ್ನಿಸದು. ಕೆಲವರು ಕುಡಿತಕ್ಕೆ ಬೀಳುತ್ತಾರೆ. ವೈದ್ಯರು ಇದನ್ನು ಪಿ.ಟಿ.ಎಸ್.ಡಿ. ಎನ್ನುತ್ತಾರೆ, ಆಘಾತದ ನಂತರ ಉಳಿಯುವ ಮನೋವ್ಯಥೆ. ಸ್ಥಳಕ್ಕೇ ಹೋಗದೆ, ಕಚೇರಿಯಲ್ಲಿ ಕುಳಿತು ಘೋರ ದೃಶ್ಯಗಳನ್ನು ಮತ್ತೆ ಮತ್ತೆ ನೋಡಿ ಕತ್ತರಿಸುವವರಿಗೂ ಇದು ಬರಬಹುದೆಂದು ಅಮೆರಿಕದ ಮನೋವೈದ್ಯರ ಸಂಘದ 2013ರ ಕೈಪಿಡಿ ಒಪ್ಪಿತು. ನಾವು ನೋಡಬಾರದೆಂದು ಅವರು ನೋಡುತ್ತಾರೆ.

ಪತ್ರಕರ್ತರದು ಕಲ್ಲೆದೆ ಎನ್ನುತ್ತೇವೆ. (ಮಕ್ಕಳನ್ನು ಕಳೆದುಕೊಂಡ ತಾಯಿಯ ಬಾಯಿಗೆ ಮೈಕ್ ಹಿಡಿಯುವವರ ಮೇಲೆ ನಮಗೂ ಸಿಟ್ಟಿದೆ, ಅದು ಬೇರೆ ಮಾತು.) ಅಂಥವರ ಮನೆಗೆ ಹೋಗಿ 'ನಿನ್ನ ವಿಶ್ವಾಸ ಸಾಲದು' ಎಂದುಬಿಡುವುದು ಮಾತ್ರ ಕ್ರೂರ. ಪ್ರವಾದಿ ಎಲೀಯನು ಮರದಡಿ ಮಲಗಿ ಸಾವನ್ನೇ ಬೇಡಿದಾಗ ದೇವದೂತ ಗದರಿಸಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ. ಮನೋವೈದ್ಯರ ಔಷಧಿಯೂ ದೇವರು ಕಳಿಸಿದ ಅಂಥದೇ ರೊಟ್ಟಿ. ಸರ್ಕಾರದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೂ ಮಾತಾಡಬಹುದು, ಖರ್ಚಿಲ್ಲ.

ಜನವರಿ 24 ಪತ್ರಕರ್ತರ ಪಾಲಕ ಸಂತ ಫ್ರಾನ್ಸಿಸ್ ದ ಸೇಲ್ಸರ ಹಬ್ಬ. ಅಂದು ಕನ್ನಡ ಪೂಜೆಯಲ್ಲೂ ಮಲಯಾಳಂ ಪೂಜೆಯಲ್ಲೂ ಸುದ್ದಿ ತರುವವರಿಗಾಗಿ ಪ್ರಾರ್ಥಿಸೋಣ. ಅದಕ್ಕೂ ಮೊದಲು, ಪತ್ರಿಕೆಯಲ್ಲೋ ಚಾನೆಲ್‌ನಲ್ಲೋ ದುಡಿಯುವ ನಮ್ಮ ಮಕ್ಕಳು ರಜೆಗೆ ಮನೆಗೆ ಬಂದರೆ, ಅಲ್ಲಿ ಏನೇನು ನೋಡಿದೆ ಎಂದು ಕೆದಕದಿರೋಣ. ಊಟ ಆಯ್ತಾ, ರಾತ್ರಿ ನಿದ್ದೆ ಬರ್ತದಾ ಎಂದು ಕೇಳೋಣ. ಉಳಿದದ್ದನ್ನು, ಹೇಳಬೇಕೆನಿಸಿದಾಗ ಅವರೇ ಹೇಳುತ್ತಾರೆ.