ಬುರುಜೋ, ದೀಪಸ್ತಂಭವೋ?


*ಇಂದಿನ ಧಮ್ಮ ಚಿಂತನೆ*

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಧಮ್ಮ ಬಂಧುಗಳೇ,

ಮಂಗಳೂರಿಗೆ ಹೋದಾಗ ಎರಡು ಹಳೆಯ ಕಟ್ಟಡ ನೋಡಿದೆ. ಒಂದು, ಬೋಳೂರಿನ ಗುರುಪುರ ನದಿ ದಡದ ಸುಲ್ತಾನ್ ಬತ್ತೇರಿ. ವೈರಿಯ ಹಡಗು ಒಳಗೆ ಬರದಿರಲೆಂದು 1784ರಲ್ಲಿ ಟಿಪ್ಪು ಕಪ್ಪು ಕಲ್ಲಿನಲ್ಲಿ ಕಟ್ಟಿಸಿದ ಕಾವಲು ಬುರುಜು. ಗೋಡೆಯಲ್ಲಿ ತೋಪಿನ ಕಿಂಡಿಗಳಿವೆ. ಇನ್ನೊಂದು, ಬಾವುಟಗುಡ್ಡೆಯ ಹಳೆಯ ದೀಪಸ್ತಂಭ. ಅದೂ ಮೊದಲು ಹೈದರಾಲಿ ಕಾಲದ ಕಾವಲು ಗೋಪುರವೇ ಆಗಿತ್ತೆಂದು ಅಲ್ಲಿಯವರು ಹೇಳುತ್ತಾರೆ. ಮುಂದೆ ಅದೇ ಎತ್ತರದಿಂದ ಹಡಗುಗಳಿಗೆ ದೀಪ ತೋರಿಸಿದರು.

ಗುಡ್ಡ ಅದೇ, ಸಮುದ್ರ ಅದೇ. ಕೆಲಸ ಬದಲಾಯಿತು. ಬುರುಜು "ಬರುವವನು ಯಾರು?" ಎಂದು ಕೇಳುತ್ತದೆ. ದೀಪ ಕೇಳುವುದಿಲ್ಲ.

ಅಲ್ಲಿ ನಿಂತಾಗ ನನಗೆ ನಾಚಿಕೆಯಾಯಿತು. ಕಳೆದ ವರ್ಷ ಅಣ್ಣನ ಮಗ ಬಂದು, "ಕಾಕಾ, ನಮ್ಮ ಮನ್ಯಾಗ ಗದ್ದಲ ಭಾಳ. ಪರೀಕ್ಷೆ ಮುಗಿಯೂತನಕ ರಾತ್ರಿ ಇಲ್ಲಿ ಕುಂತು ಓದ್ಲೇನ್ರಿ?" ಅಂದಿದ್ದ. ನಾನು, "ಮೊದ್ಲ ನಿಮ್ಮಪ್ಪಗ ಜಗಲಿ ಮ್ಯಾಲಿನ ದೇವ್ರ ಫೋಟೋ ತಗಿಯಾಕ ಹೇಳು, ಆಮ್ಯಾಲೆ ಬಾ" ಅಂದುಬಿಟ್ಟೆ. ಹುಡುಗ ತಲೆ ತಗ್ಗಿಸಿ ಹೋದ.

ನಮಗೆ ಎಚ್ಚರ ಬೇಡವೆಂದಲ್ಲ. ಕುಡಿಯುವ ನೀರಿಗಾಗಿ ಬಾಬಾಸಾಹೇಬರು 1927ರಲ್ಲಿ ಮಹಾಡದಲ್ಲಿ ಹೋರಾಡಬೇಕಾದ ದೇಶವಿದು. ಆದರೆ ನನ್ನ ತೋಪಿನ ಕಿಂಡಿ ತಿರುಗಿದ್ದು ನಮ್ಮ ಓಣಿಯ ಹುಡುಗನ ಕಡೆಗೆ. 1956ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಹಳೆಯ ದೇವರುಗಳನ್ನು ಬಿಡುವುದೂ ಇದೆ, ಎಲ್ಲ ಜೀವಿಗಳ ಮೇಲೆ ದಯೆ ಇಡುವುದೂ ಇದೆ. ಮೊದಲನೆಯದನ್ನು ನಾನು ಬಿಗಿಯಾಗಿ ಹಿಡಿದೆ, ಎರಡನೆಯದನ್ನು ಮರೆತೆ. ದೀಪದ ಬುಡದಲ್ಲೇ ಕತ್ತಲೆ.

ಭಗವಾನ್ ಬುದ್ಧರು ಕೊನೆಯ ದಿನಗಳಲ್ಲಿ ಆನಂದನಿಗೆ, ನಿಮಗೆ ನೀವೇ ದೀಪವಾಗಿರಿ ಎಂದು ಬೋಧಿಸಿದ್ದನ್ನು ನಾವೆಲ್ಲ ಬಲ್ಲೆವು. ಪಾಲಿಯಲ್ಲಿ 'ದೀಪ' ಎಂದರೆ ದೀವಿಗೆ, ದ್ವೀಪವೂ ಹೌದು: ಬೆಳಕು, ಮತ್ತು ನೀರಿನ ನಡುವೆ ಕಾಲೂರಲು ನೆಲ. ಆ ಹುಡುಗ ಕೇಳಿದ್ದೂ ಅಷ್ಟೇ, ಕೂಡಲು ಒಂದಿಷ್ಟು ಜಾಗ, ಓದಲು ಬೆಳಕು.

ನಿನ್ನೆ ನಾನೇ ಅಣ್ಣನ ಮನೆಗೆ ಹೋದೆ. ಫೋಟೋಗಳು ಜಗಲಿಯ ಮೇಲೆ ಹಾಗೇ ಇದ್ದವು. ತಪ್ಪಾಯಿತೆಂದು ಹೇಳಿ ಹುಡುಗನನ್ನು ಕರೆದೆ. ಅವನು ಇನ್ನೂ ಬಂದಿಲ್ಲ. ದೀಪಸ್ತಂಭದ ದೀಪವನ್ನು ಹಡಗು ಬಂದ ಮೇಲೆ ಹಚ್ಚುವುದಿಲ್ಲ, ದಿನಾ ಸಂಜೆ ಹಚ್ಚುತ್ತಾರೆ. ಇವತ್ತು ಸಂಜೆಯೂ ನನ್ನ ಮನೆ ಬಾಗಿಲು ತೆರೆದಿರುತ್ತದೆ.

ನಿಮ್ಮ ಬಾಗಿಲಿಂದ ತಲೆ ತಗ್ಗಿಸಿ ಹೋದವರು ಯಾರಾದರೂ ಇದ್ದಾರೆಯೇ? ಇವತ್ತೇ ಕರೆಯಿರಿ.

ಸರ್ವರಿಗೂ ಮಂಗಳವಾಗಲಿ. ಜೈ ಭೀಮ್ 🪷